ವ್ಯೂಫೈಂಡರ್ ತೋರಿದ್ದು ಒಂದು, ಫಿಲ್ಮಿನಲ್ಲಿ ಮೂಡಿದ್ದು ಇನ್ನೊಂದು

ಲೆನ್ಸಿಗೆ ಕಾಣುವುದನ್ನೇ ಕನ್ನಡಿಯ ಮೂಲಕ ವ್ಯೂಫೈಂಡರಿನಲ್ಲಿ ತೋರಿಸುವ ನನ್ನ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿನ ಅಪರ್ಚರನ್ನು (ಬೆಳಕು ಹಾಯುವ ರಂಧ್ರವನ್ನು) ಎಫ್/1.8ಕ್ಕೆ ಪೂರ್ತಿ ತೆರೆದು ತೆಗೆದ ಮುಖಚಿತ್ರಗಳಲ್ಲಿ ಕಣ್ಣಿಗೆ ಬದಲಾಗಿ ಮೂಗಿನ ತುದಿ ಸ್ಪಷ್ಟವಾಗಿ ಬರತೊಡಗಿದಾಗ, ಕೈ ಅಲುಗಿರಬೇಕೆಂದು ಮೊದಲು ಭಾವಿಸಿದ್ದೆ. ಆದರೆ ಕೈ ಅಲುಗಿದ್ದರೆ ಇಡೀ ಚಿತ್ರವೇ ಮಸುಕಾಗಬೇಕಿತ್ತು. ಇಲ್ಲಿ ಪ್ರತಿ ಸಲವೂ ನಾನು ಫೋಕಸ್ ಮಾಡಿದ ಜಾಗಕ್ಕಿಂತ ತುಸು ಮುಂದಿರುವುದು ಮಾತ್ರ ಚೊಕ್ಕವಾಗಿ ಮೂಡುತ್ತಿತ್ತು.

ಫೋಕಸ್ ರಿಂಗನ್ನು ಅನಂತದ ಗುರುತಿನವರೆಗೆ, ಅಂದರೆ ಅತಿ ದೂರದ ವಸ್ತುಗಳಿಗಾಗಿ ಇರುವ ಕೊನೆಯ ಗುರುತಿನವರೆಗೆ ತಿರುಗಿಸಿ ದೂರದ ಗೋಪುರವೊಂದನ್ನು ನೋಡಿದರೆ, ವ್ಯೂಫೈಂಡರಿನ ನಡುವಿನ ವೃತ್ತದಲ್ಲಿ, ಫೋಕಸ್ ಸರಿಯಿದ್ದರೆ ಒಂದಾಗಬೇಕಾದ ಅದರ ಎರಡು ತುಂಡುಗಳು ಕೂಡಿಕೊಳ್ಳುತ್ತಲೇ ಇರಲಿಲ್ಲ. ದೋಷ ಲೆನ್ಸಿನದೇ ಎಂದು ತೀರ್ಮಾನಿಸಿ, ಅದರ ಮುಂಭಾಗ ಬಿಚ್ಚಿ, ಗೋಪುರ ಕೂಡಿಕೊಳ್ಳುವವರೆಗೆ ರಿಂಗನ್ನು ಆ ಗುರುತಿನಲ್ಲಿ ನಿಲ್ಲಿಸುವ ಅನಂತದ ತಡೆಯನ್ನು ಸರಿಸಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಮುಂದಿನ ರೀಲಿನಲ್ಲಿ ಮುಖಗಳು ಹಿಂದಿನಂತೆಯೇ ಕೆಟ್ಟವು, ಅದುವರೆಗೆ ಸರಿಯಾಗಿ ಬರುತ್ತಿದ್ದ ದೂರದ ದೃಶ್ಯಗಳೂ ಅವುಗಳ ಜೊತೆಗೆ ಮಸುಕಾದವು.

ಆಮೇಲೆ ಮಾಡಿದ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ಫಿಲ್ಮ್ ಇಲ್ಲದ ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಹಿಂಬದಿಯ ಮುಚ್ಚಳ ತೆರೆದು, ಫಿಲ್ಮ್ ಹಾಯುವ ಹಳಿಗಳಲ್ಲಿ ಒಳಗಿನ ಜೋಡಿಯ ಮೇಲೆ ಮಸುಕು ಅಂಟುಟೇಪನ್ನು ಒಂದು ಸುಕ್ಕೂ ಇರದಂತೆ ಬಿಗಿಯಾಗಿ ಎಳೆದು ಅಂಟಿಸಿದೆ. ಶಟರನ್ನು ‘ಬಿ’ಗೆ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದಿರುವ ಸ್ಥಾನಕ್ಕೆ) ಇಟ್ಟು, ಗುಂಡಿಯನ್ನು ಒತ್ತಿ ಹಿಡಿಯುವ ಕೇಬಲ್ ರಿಲೀಸಿನಿಂದ ತೆರೆದೇ ಇರಿಸಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಇನ್ನೊಂದು 50 ಮಿ.ಮೀ. ಲೆನ್ಸನ್ನೇ ಭೂತಗನ್ನಡಿಯಾಗಿ ಹಿಡಿದು ಟೇಪಿನ ಮೇಲೆ ತಲೆಕೆಳಗಾಗಿ ಮೂಡಿದ ಗೋಪುರವನ್ನು ನೋಡಿದೆ. ಅಪರ್ಚರ್ ರಿಂಗು 1.8ರಲ್ಲೇ ಇರಬೇಕು, ಇಲ್ಲದಿದ್ದರೆ ಶಟರ್ ತೆರೆಯುವಾಗ ಅಪರ್ಚರ್ ಕಿರಿದಾಗಿ, ಸಣ್ಣ ದೋಷ ಕಣ್ಣಿಗೆ ಬೀಳುವುದಿಲ್ಲ. ಟೇಪಿನ ಮೇಲೆ ಗೋಪುರ ಸ್ಪಷ್ಟವಾಗುವ ಜಾಗ ನಾನು ಸರಿಸಿದ್ದ ತಡೆಯ ಆಚೆಗಿತ್ತು, ಅಂದರೆ ಲೆನ್ಸಿನ ಮೂಲ ಹೊಂದಾಣಿಕೆಯೇ ಸರಿಯಾಗಿತ್ತು. ಟೇಪನ್ನೇ ಆಧಾರವಾಗಿಟ್ಟುಕೊಂಡು ತಡೆಯನ್ನು ಹಿಂದಿನ ಜಾಗಕ್ಕೆ ತಂದೆ.

ಉಳಿದದ್ದು ಕ್ಯಾಮೆರಾದ ಒಳಗಿನ ದೋಷ. ಕನ್ನಡಿಯಲ್ಲಿ ಪ್ರತಿಫಲಿಸಿ ಫೋಕಸಿಂಗ್ ಸ್ಕ್ರೀನಿಗೆ (ವ್ಯೂಫೈಂಡರಿನಲ್ಲಿ ಕಾಣುವ ಚಿತ್ರ ಮೂಡುವ ಪರದೆಗೆ) ತಲುಪುವ ಬೆಳಕಿನ ದಾರಿ ಮತ್ತು ನೇರವಾಗಿ ಫಿಲ್ಮಿಗೆ ತಲುಪುವ ದಾರಿ ಸಮನಾಗಿರಬೇಕು. 50 ಮಿ.ಮೀ. ಲೆನ್ಸಿನಲ್ಲಿ ಬರೀ 0.1 ಮಿ.ಮೀ. ವ್ಯತ್ಯಾಸವಾದರೂ ಒಂದು ಮೀಟರ್ ದೂರದ ಮುಖದಲ್ಲಿ ಫೋಕಸ್ ಸುಮಾರು 4 ಸೆಂ.ಮೀ. ಸರಿದುಹೋಗುತ್ತದೆ. ಕಣ್ಣಿನಿಂದ ಮೂಗಿನ ತುದಿಗೆ ಹೆಚ್ಚುಕಡಿಮೆ ಅಷ್ಟೇ ಅಂತರ.

ಸ್ಕ್ರೀನಿನ ಚೌಕಟ್ಟನ್ನು ಇಳಿಸಿ ಟಾರ್ಚ್ ಹಿಡಿದಾಗ, ಅದು ಒತ್ತಿ ಕೂರುವ ಅಂಚಿನ ಮೇಲೆ ಸಾಸಿವೆಗಿಂತ ಚಿಕ್ಕದಾದ, ಅಂಟಂಟಾದ ಕಪ್ಪು ಚೂರೊಂದು ಚಪ್ಪಟೆಯಾಗಿ ಕುಳಿತಿರುವುದು ಕಂಡಿತು. ಕನ್ನಡಿ ಮೇಲೆದ್ದು ಬಡಿಯುವಲ್ಲಿರುವ ಫೋಮ್ ವರ್ಷಗಳು ಕಳೆದಂತೆ ಡಾಂಬರಿನ ಹಾಗೆ ಕರಗಿ ಉದುರುತ್ತದೆ, ಆ ಚೂರೇ ಸ್ಕ್ರೀನನ್ನು ಕೆಳಕ್ಕೆ ದೂಡಿತ್ತು. ಹಲ್ಲುಕಡ್ಡಿಯ ತುದಿಗೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಅಂಚನ್ನಷ್ಟೇ ಒರೆಸಿದೆ. ಪ್ಲಾಸ್ಟಿಕ್ ಸ್ಕ್ರೀನಿಗೆ ದ್ರಾವಣವನ್ನಾಗಲಿ ಬಟ್ಟೆಯನ್ನಾಗಲಿ ತಾಗಿಸಲಿಲ್ಲ, ಅದರ ಮೇಲೆ ಬಿದ್ದ ಗೀರು ಮತ್ತೆ ಹೋಗುವುದಿಲ್ಲ. ಚೌಕಟ್ಟು ಮರಳಿ ಕುಳಿತ ಕೂಡಲೇ ವ್ಯೂಫೈಂಡರಿನಲ್ಲಿಯೂ ಟೇಪಿನ ಮೇಲೂ ಗೋಪುರ ಒಂದೇ ಜಾಗದಲ್ಲಿ ಸ್ಪಷ್ಟವಾಯಿತು. ಹಳೆಯ ಫೋಮನ್ನು ಅಂದೇ ಕೆರೆದು ತೆಗೆದು ಹೊಸದನ್ನು ಅಂಟಿಸಿದೆ.

ಲೆನ್ಸಿನದೇ ತಪ್ಪಾಗಿದ್ದ ಪ್ರಸಂಗವನ್ನೂ ಆಮೇಲೆ ಕಂಡಿದ್ದೇನೆ. ಕೈಬದಲಾಗಿ ಬಂದ 135 ಮಿ.ಮೀ. ಲೆನ್ಸೊಂದು ವ್ಯೂಫೈಂಡರಿನಲ್ಲಿಯೂ ಟೇಪಿನ ಮೇಲೂ ಅನಂತಕ್ಕೆ ತಲುಪುತ್ತಿರಲಿಲ್ಲ. ಎರಡೂ ಕಡೆ ಒಂದೇ ಬಗೆಯ ತಪ್ಪು ಕಂಡರೆ ಸಂಶಯ ಲೆನ್ಸಿನ ಮೇಲೆ, ಎರಡರ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಕ್ಯಾಮೆರಾದ ಮೇಲೆ. ಯಾರೋ ಗ್ರೀಸ್ ಬದಲಿಸುವಾಗ ಹೆಲಿಕಾಯ್ಡಿನ (ಫೋಕಸ್ ಮಾಡುವಾಗ ಲೆನ್ಸನ್ನು ಹಿಂದೆಮುಂದೆ ಸರಿಸುವ ತಿರುಪಿನ) ಎಳೆಗಳನ್ನು ಬೇರೆ ಜಾಗದಲ್ಲಿ ಕೂಡಿಸಿದ್ದರು. ಆ ಎಳೆಗಳು ಒಂದಕ್ಕಿಂತ ಹೆಚ್ಚು ಕಡೆ ಕಚ್ಚಿಕೊಳ್ಳುತ್ತವೆ, ಅವುಗಳಲ್ಲಿ ಸರಿಯಾದದ್ದು ಒಂದೇ. ನಾಲ್ಕನೆಯ ಪ್ರಯತ್ನಕ್ಕೆ ಅದು ಸಿಕ್ಕಿತು. ಅಂದಿನಿಂದ ಯಾವ ಹೆಲಿಕಾಯ್ಡ್ ಬಿಚ್ಚಿದರೂ, ಅದು ಕಳಚಿಕೊಳ್ಳುವ ಕ್ಷಣದಲ್ಲಿ ಎರಡೂ ಭಾಗಗಳ ಮೇಲೆ ಎದುರುಬದುರಾಗಿ ಸೂಜಿಯಿಂದ ಒಂದೊಂದು ಗೀರು ಹಾಕಿಕೊಳ್ಳುತ್ತೇನೆ.