ಕೈ ಬಿಗಿಯಾದ ವರ್ಷ ಬಜೆಟ್ ಓದೋದು ಹೇಗೆ

ತೀರ್ಥಹಳ್ಳಿಯಲ್ಲಿ ನನ್ನದು ದಿನಸಿ ಅಂಗಡಿ. ಅಡಿಕೆ ಧಾರಣೆ ಬಿದ್ದರೆ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಅಂಥ ವರ್ಷ ರಾಜ್ಯ ಬಜೆಟ್‌ನ ಭಾಷಣ ಬಿಡಿ, ತೆರಿಗೆ ಯಾರ ಮೇಲೆ ಬಿತ್ತು ಅಂತ ಮೊದಲು ನೋಡಿ. ಡೀಸೆಲ್ ತೆರಿಗೆ ಏರಿದರೆ ಶಿವಮೊಗ್ಗದಿಂದ ಬರುವ ಪ್ರತಿ ಅಕ್ಕಿ ಮೂಟೆಗೂ ಅದು ಅಂಟಿಕೊಂಡೇ ಬರುತ್ತದೆ; ಅಡಿಕೆ ಕೊನೆ ಕೀಳುವವನೂ ತೋಟದ ಒಡೆಯರೂ ಒಂದೇ ದರ ಕೊಡುತ್ತಾರೆ. ವೃತ್ತಿ ತೆರಿಗೆಯೂ ಹಾಗೇ: ಸಂವಿಧಾನದ 276ನೇ ವಿಧಿಯ ಮಿತಿ ವರ್ಷಕ್ಕೆ 2,500 ರೂಪಾಯಿ, ತಿಂಗಳಿಗೆ ಎರಡು ಲಕ್ಷ ಎಣಿಸುವವರಿಗೂ ಅಷ್ಟೇ. (ಇದು ನ್ಯಾಯ ಅಂತ ನನಗಂತೂ ಅನಿಸಿಲ್ಲ.)

ಆಮೇಲೆ ಸಾಲ. 2020ರಲ್ಲಿ ಕೋವಿಡ್ ಹೊಡೆತಕ್ಕೆ ರಾಜ್ಯದ ವಿತ್ತೀಯ ಕೊರತೆಯ (ಆದಾಯ ಸಾಲದೆ ಸಾಲ ತಂದು ತುಂಬಿಸುವ ಖರ್ಚು) ಮಿತಿಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ 3ರಿಂದ 5ಕ್ಕೆ ಸಡಿಲಿಸಿದರು. ಸಾಲ ಮಾಡಿದ್ದಕ್ಕೇ ಬೈಯಬೇಡಿ. ಬಂಡವಾಳ ವೆಚ್ಚದ (ರಸ್ತೆ, ಸೇತುವೆಯಂಥ ಬಾಳುವ ಕೆಲಸಕ್ಕೆ ಹಾಕುವ ಹಣ) ಸಾಲು ಹುಡುಕಿ, ಕಳೆದ ವರ್ಷದ್ದರ ಪಕ್ಕ ಇಟ್ಟು ನೋಡಿ. ಅದು ಇಳಿದಿದ್ದರೆ, ಮಳೆಗಾಲಕ್ಕೆ ಮೊದಲೇ ನಿಮ್ಮೂರ ಕಾಲುಸಂಕದ ಅರ್ಜಿ ಹಿಡಿದು ಶಾಸಕರ ಕಚೇರಿಗೆ ಹೋಗಿ.