ಕೆಲಸ ಹಂಚಿದರೆ ಸಾಲದು, ನೆನಪೂ ಹಂಚಿ

ಮನೆಯಲ್ಲಿ ಇಬ್ಬರು ಮಕ್ಕಳು, ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ತಿಂಗಳ ಕೊನೆ ಬಂತೆಂದರೆ ನನಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. "ನಿನಗೋಸ್ಕರ ಸ್ವಲ್ಪ ಟೈಮ್ ಇಟ್ಕೋ" ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ತರಲಿ ಅಂತ ಮಾತ್ರ ಯಾರೂ ಹೇಳುವುದಿಲ್ಲ!

ನಿಮಗೂ ಹೀಗೇ ಆಗುತ್ತಿದ್ದರೆ, ಮೊದಲು ಈ ದಣಿವು ಬರೀ ಸುಸ್ತಾ, ಇಲ್ಲ ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವ ಬರ್ನ್‌ಔಟಾ ಅಂತ ನೋಡಿಕೊಳ್ಳಿ. ಸುಸ್ತಾದರೆ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರೆ ಇಳಿಯುತ್ತದೆ. ಬರ್ನ್‌ಔಟ್ ಇಳಿಯುವುದಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮೂರು ಗುರುತು ಹೇಳಿತು: ತೀರದ ದಣಿವು, ಕೆಲಸದ ಮೇಲೆ ಬೇಸರ, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಅನ್ನಿಸುವುದು. ಇದನ್ನು ಅವರು ಕಾಯಿಲೆ ಅನ್ನಲಿಲ್ಲ, ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಬರುವಂಥದ್ದು ಅಂದರು. ಆದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಅಂಶ, ಬಿ12, ಥೈರಾಯ್ಡ್ ಏರುಪೇರಾದರೂ ಹೀಗೇ ಸುಸ್ತಾಗುತ್ತದೆ. ಎರಡು ವಾರವಾದರೂ ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಅಳು ಬರುತ್ತದೆ ಅಂದರೆ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅನ್ನಿಸಿದರೆ ಅವತ್ತೇ ಹೋಗಿ.

ಆಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಮಾಡುವ ಕೆಲಸಗಳನ್ನಲ್ಲ, ನೀವೊಬ್ಬರೇ ನೆನಪಿಟ್ಟುಕೊಂಡಿರುವುದನ್ನು ಬರೆಯಿರಿ. ಚಿಕ್ಕವಳ ಲಸಿಕೆ ಯಾವಾಗ, ದೊಡ್ಡವನ ಶೂ ಬಿಗಿಯಾಗಿದೆ, ಜ್ವರದ ಔಷಧಿ ತಳ ಕಂಡಿದೆ, ನಾಡಿದ್ದು ಶಾಲೆಗೆ ಬಣ್ಣದ ಹಾಳೆ ಬೇಕು. ನನ್ನ ಹಾಳೆಯ ಎರಡೂ ಬದಿ ತುಂಬಿತ್ತು. ನಮ್ಮ ಮನೆಯವರು ಅದನ್ನು ಓದಿ, "ಏನೇನು ಮಾಡ್ಬೇಕು ಹೇಳು, ಮಾಡ್ತೀನಿ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದದ್ದು. ಆದರೆ ಹೇಳುವುದೂ ಒಂದು ಕೆಲಸವೇ ಅಲ್ವಾ?

ಹಾಗಾಗಿ ಬಿಡಿ ಕೆಲಸ ಕೊಡಬೇಡಿ, ಒಂದು ವಿಷಯವನ್ನು ಪೂರ್ತಿ ವಹಿಸಿ. ನಮ್ಮಲ್ಲಿ ಮಕ್ಕಳ ಆರೋಗ್ಯ ಈಗ ಅವರದು. ಅಪಾಯಿಂಟ್‌ಮೆಂಟ್, ಲಸಿಕೆ ಕಾರ್ಡು, ಔಷಧಿಯ ಎಕ್ಸ್‌ಪೈರಿ ಡೇಟ್ ಎಲ್ಲ. ಶಾಲೆಯ ಫಾರ್ಮಿನಲ್ಲಿ 'ತುರ್ತು ಸಂಪರ್ಕ' ಅನ್ನುವ ಜಾಗ ಇರುತ್ತದಲ್ಲ, ಅಲ್ಲಿ ಮೊದಲು ಅವರ ನಂಬರ್, ಆಮೇಲೆ ನನ್ನದು. ಈ ಒಂದು ಸಾಲು ಬದಲಾಯಿಸಿ ನೋಡಿ. ಮಗುವಿಗೆ ಹೊಟ್ಟೆನೋವು ಅಂತ ಮೀಟಿಂಗ್ ಮಧ್ಯೆ ಬರುವ ಫೋನು ಅವರಿಗೆ ಹೋಗುತ್ತದೆ. ಶಾಲೆಯವರು ಅಭ್ಯಾಸಬಲದಿಂದ ನಿಮಗೇ ಮಾಡಿದರೆ, "ಅವರ ಅಪ್ಪನಿಗೆ ಮಾಡಿ" ಅಂತ ಹೇಳಿ ಇಟ್ಟುಬಿಡಿ.

ವಹಿಸಿದ ಮೇಲೆ ಹಿಂದೆ ನಿಂತು ನೋಡಬೇಡಿ. ಇದೇ ಎಲ್ಲಕ್ಕಿಂತ ಕಷ್ಟ. ಮಗಳು ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಹಳದಿ ಸಾಕ್ಸ್ ಹಾಕಿಕೊಂಡು ಹೋಗಲಿ, ಪರವಾಗಿಲ್ಲ. ಗಂಡ ಜೊತೆಗಿಲ್ಲದವರು ಅಕ್ಕನಿಗೋ, ಗೆಳತಿಗೋ ಕಡೇಪಕ್ಷ ಶಾಲೆಯ ಫಾರ್ಮಿನ ಎರಡನೇ ನಂಬರಿನ ಜವಾಬ್ದಾರಿ ಕೊಡಿ.

ಹಾಳೆಯಲ್ಲಿ ಉಳಿದದ್ದರಲ್ಲಿ ಒಂದಷ್ಟನ್ನು ಹೊಡೆದುಹಾಕಿ. ಮನೆಯಲ್ಲಿ ಹಾಕುವ ಬಟ್ಟೆಗೆ ಇಸ್ತ್ರಿ ಯಾಕೆ?

ಆಫೀಸಿನಲ್ಲಿ "ಜಾಸ್ತಿ ಆಗ್ತಿದೆ ಸರ್" ಅಂದರೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವ ಉತ್ತರವೇ ಬರುತ್ತದೆ. ಪಟ್ಟಿ ಹಿಡಿದು ಹೋಗಿ. "ಈ ಮೂರೂ ಶುಕ್ರವಾರಕ್ಕೆ ಬೇಕು ಅಂದಿದ್ದೀರಿ. ಎರಡು ಆಗುತ್ತೆ. ಯಾವುದನ್ನು ಸೋಮವಾರಕ್ಕೆ ಹಾಕಲಿ?" ಅಂತ ಕೇಳಿ, ಸುಮ್ಮನಿರಿ. ಆರಿಸುವುದು ಅವರ ಕೆಲಸ. ಒಪ್ಪಿಕೊಂಡದ್ದನ್ನು ಅವತ್ತೇ ಒಂದು ಸಾಲಿನ ಮೇಲ್ ಮಾಡಿ ಇಡಿ, ಶುಕ್ರವಾರ ಮಧ್ಯಾಹ್ನ ಮೂರನೆಯದು ಎಲ್ಲಿ ಅಂತ ಕೇಳಿದರೆ ತೋರಿಸಲು ಬೇಕಾಗುತ್ತದೆ.