ಹೆಸರು ಬಿಟ್ಟು ಹೊಲದ ಹಿಂದೆ ಬಿದ್ದೆ

ಹತ್ತಿರ ಹತ್ತಿರ ಐದು ವರ್ಷ ಹಿಡಿಯಿತು. ಅಮೆರಿಕದವರಾದ ನನ್ನ ಗಂಡನ ವಂಶಾವಳಿ ಕೊನೆಗೂ 1810ರಿಂದ ಹಿಂದಕ್ಕೆ ದಾಟಿತು. "ಅಲ್ಲಿಂದ ಹಿಂದೆ ಏನೂ ಸಿಗಲ್ಲ, ಬಿಟ್ಟುಬಿಡು" ಅಂತ ಅವರ ಸೋದರತ್ತೆ ಹೇಳಿದ್ದರು. ಅವರೇನು ಸಾಮಾನ್ಯರಲ್ಲ, ನಲವತ್ತು ವರ್ಷ ಇದನ್ನೇ ಹುಡುಕಿದವರು. ಸಾಗರದ ಕಡೆಯಿಂದ ಬಂದ ಸೊಸೆ ನಾನು. ನನಗೆ ಸಿಕ್ಕಿತು. ಅದಕ್ಕೇ ಹೇಗೆ ಸಿಕ್ಕಿತು ಅಂತ ಬರೆಯುತ್ತಿದ್ದೇನೆ.

ಬದುಕಿರುವವರು ತುಂಬ ಜನ ಇರುವುದರಿಂದ ಮನೆತನದ ಹೆಸರು ಹಾಕುವುದಿಲ್ಲ. ಯಾರಿಂದ ಹಿಂದಕ್ಕೆ ಏನೂ ಸಿಗದೆ ನಿಂತಿತ್ತೋ ಆ ಪೂರ್ವಜರನ್ನು ಸುಮ್ನೆ 'ಅಜ್ಜ' ಅನ್ನುತ್ತೇನೆ. 1850ರ ಜನಗಣತಿಯಲ್ಲಿ ಅಜ್ಜ ನ್ಯೂಯಾರ್ಕ್ ರಾಜ್ಯದ ಆಂಟೇರಿಯೊ ಕೌಂಟಿಯಲ್ಲಿದ್ದಾರೆ. ವಯಸ್ಸು 65ರ ಆಸುಪಾಸು. ಹುಟ್ಟಿದ ಜಾಗ 'ಮ್ಯಾಸಚೂಸೆಟ್ಸ್' ಅಂತ ಇದೆ, ಅಷ್ಟೇ. ಯಾವ ಊರು ಅಂತ ಇಲ್ಲ. 1855ರ ರಾಜ್ಯ ಗಣತಿ ಇನ್ನೊಂದು ವಿಷಯ ಕೊಟ್ಟಿತು, ಈ ಊರಿಗೆ ಬಂದು 45 ವರ್ಷ ಆಯಿತು ಅಂತ. ಅಂದರೆ 1810ರ ಹೊತ್ತಿಗೆ ಬಂದವರು. 1850ಕ್ಕಿಂತ ಮುಂಚಿನ ಗಣತಿಗಳಲ್ಲಿ ಯಜಮಾನರ ಹೆಸರು ಮಾತ್ರ ಇರುತ್ತದೆ, ಉಳಿದವರು ಬರೀ ಲೆಕ್ಕ. ನ್ಯೂಯಾರ್ಕಿನಲ್ಲಿ ಆ ಕಾಲದ ಜನನ ದಾಖಲೆ ಸಿಗುವುದು ಬಲು ಕಷ್ಟ.

ಮೊದಲ ಒಂದೂವರೆ ವರ್ಷ ಹಾಳು. ನೆಟ್‌ನಲ್ಲಿ ಮೂವತ್ತು ನಲವತ್ತು ವಂಶವೃಕ್ಷಗಳು ಅಜ್ಜನನ್ನು ಒಬ್ಬ ಅಪ್ಪನಿಗೆ ಜೋಡಿಸಿದ್ದವು. ಅಷ್ಟು ಜನ ಹೇಳಿದ್ದು ಸುಳ್ಳಾಗುತ್ತದಾ ಅಂದುಕೊಂಡೆ. ಆ ಅಪ್ಪನ ಉಯಿಲು ತೆಗೆದು ನೋಡಿದರೆ ಆ ಹೆಸರಿನ ಮಗ 1800ಕ್ಕೂ ಮೊದಲೇ ತೀರಿಹೋಗಿದ್ದ! ಉಯಿಲನ್ನು ಯಾರೂ ಓದಿರಲಿಲ್ಲ. ಎಲ್ಲರೂ ಒಬ್ಬರನ್ನು ನೋಡಿ ಇನ್ನೊಬ್ಬರು ನಕಲು ಮಾಡಿದ್ದರು.

ಆಮೇಲೆ 'ಜೂನಿಯರ್' ಕಾಟ. ಆ ಕಾಲದ ದಾಖಲೆಯಲ್ಲಿ ಜೂನಿಯರ್ ಅಂದರೆ ಮಗನೇ ಅಂತಲ್ಲ, ಅದೇ ಊರಲ್ಲಿ ಅದೇ ಹೆಸರಿರುವ ಚಿಕ್ಕವನು ಅಷ್ಟೇ. ಅಣ್ಣನ ಮಗ ಇರಬಹುದು, ಯಾವ ಸಂಬಂಧವೂ ಇಲ್ಲದವನೂ ಇರಬಹುದು. ದೊಡ್ಡವನು ಸತ್ತ ಮೇಲೆ ಜೂನಿಯರ್ ಉದುರಿ ಬರೀ ಹೆಸರು ಉಳಿಯುತ್ತದೆ. ಇದು ಗೊತ್ತಿದ್ದೂ ಆರು ತಿಂಗಳು ಒಬ್ಬನೇ ಮನುಷ್ಯನನ್ನು ಇಬ್ಬರು ಅಂತ ಲೆಕ್ಕ ಹಾಕಿದ್ದೆ. ಅದೇ ಸಮಯದಲ್ಲಿ ದುಡ್ಡು ತಗೊಂಡು ದಾಖಲೆ ಹುಡುಕಿಕೊಡುವವರೊಬ್ಬರಿಗೆ 450 ಡಾಲರ್ ಕೊಟ್ಟೆ. ಎರಡು ತಿಂಗಳಾದ ಮೇಲೆ ಬಂದದ್ದು ಹನ್ನೆರಡು ಪುಟ. ಅದರಲ್ಲಿ ಒಂಬತ್ತು ಪುಟ ನಾನೇ ಅವರಿಗೆ ಕಳಿಸಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದಾರಿ ಸಿಕ್ಕಿದ್ದು ಊರಿಗೆ ಹೋದಾಗ. ಅಪ್ಪ ತೋಟದ ಪತ್ರಗಳನ್ನು ಹರಡಿಕೊಂಡು ಕೂತಿದ್ದರು. ಅತ್ತೆಯರು ಹಕ್ಕು ಬಿಟ್ಟುಕೊಟ್ಟ ಪತ್ರ, ಹಳೇ ಕ್ರಯಪತ್ರ, ನಾಲ್ಕು ದಿಕ್ಕಿಗೂ ಯಾರ ಜಮೀನು ಅಂತ ಹೇಳುವ ಚಕ್ಕುಬಂದಿ. "ಚಕ್ಕುಬಂದಿ ಓದಿದ್ರೆ ಇಡೀ ಊರು ಗೊತ್ತಾಗ್ತದೆ ಮಗಾ" ಅಂದರು. ವಾಪಸ್ ಬಂದವಳೇ ಅಜ್ಜನ ಹೆಸರು ಹುಡುಕುವುದನ್ನು ನಿಲ್ಲಿಸಿದೆ. ಅವರ ಹೊಲದ ಹಿಂದೆ ಬಿದ್ದೆ.

ನಾವಿರುವುದು ರಾಚೆಸ್ಟರ್‌ನಲ್ಲಿ, ಆಂಟೇರಿಯೊ ಕೌಂಟಿಯ ಕೇಂದ್ರವಾದ ಕ್ಯಾನಂಡೈಗ್ವಾ ಹತ್ತಿರವೇ. ಅಜ್ಜ ಮೊದಲು ಕೊಂಡ ಜಮೀನಿನ ಡೀಡ್, ಅಂದರೆ ಜಮೀನಿನ ಪತ್ರ, ತೆಗೆಸಿದೆ. ಸುತ್ತ ನಾಲ್ಕು ಹೊಲದವರ ಹೆಸರು ಬರೆದುಕೊಂಡೆ. ಅವರಲ್ಲಿ ಇಬ್ಬರು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರು. 1832ರ ಕಾಯ್ದೆಯಲ್ಲಿ ಪಿಂಚಣಿ ಕೇಳಿದವರಿಗೆ ಎಲ್ಲಿ ಹುಟ್ಟಿದೆ, ಸೈನ್ಯಕ್ಕೆ ಸೇರುವಾಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ಇದ್ದೆ ಅಂತ ಕೇಳುತ್ತಿದ್ದರು. ಇಬ್ಬರೂ ಒಂದೇ ಊರು ಹೇಳಿದ್ದರು. ಈಗ ಮ್ಯಾಸಚೂಸೆಟ್ಸ್‌ನ ಫ್ರಾಂಕ್ಲಿನ್ ಕೌಂಟಿಯಲ್ಲಿರುವ ಒಂದು ಗುಡ್ಡದ ಊರು. ಆಗಿನ ಜನ ಸಾಮಾನ್ಯವಾಗಿ ಒಬ್ಬೊಬ್ಬರೇ ವಲಸೆ ಹೋಗುತ್ತಿರಲಿಲ್ಲ, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಹೊರಡುತ್ತಿದ್ದರು. ಅಜ್ಜನ ಅಕ್ಕಪಕ್ಕದ ಹೊಲದವರು ಅಲ್ಲಿಯೂ ಅಕ್ಕಪಕ್ಕದವರೇ ಇರಬೇಕು ಅಂತ ಊಹಿಸಿದೆ. ಸೋದರತ್ತೆ ನಂಬಲಿಲ್ಲ. "ಪಕ್ಕದ ಮನೆಯವರ ಪಿಂಚಣಿ ಓದಿ ಏನು ಸಿಗತ್ತೆ?" ಅಂದರು.

ಫ್ರಾಂಕ್ಲಿನ್ ಕೌಂಟಿ ಹುಟ್ಟಿದ್ದು 1811ರಲ್ಲಿ. ಅದಕ್ಕೆ ಮುಂಚೆ ಅದೆಲ್ಲ ಹ್ಯಾಂಪ್‌ಶೈರ್ ಕೌಂಟಿ. ಎರಡೂ ಕಡೆ ನೋಡಬೇಕಾಯಿತು. ಆ ಊರಿನ ಜನನ ದಾಖಲೆಯಲ್ಲಿ ಅಜ್ಜ ಇಲ್ಲ. ಪ್ರೊಬೇಟ್‌ನಲ್ಲೂ (ಸತ್ತವರ ಉಯಿಲು, ಆಸ್ತಿಯ ಕೋರ್ಟ್ ದಾಖಲೆ) ಇಲ್ಲ. ಜಮೀನು ಮಾರಿದವರ ಸೂಚಿಯಲ್ಲಿ 1810ರಿಂದ 1820ರವರೆಗೆ ಎರಡು ಸಲ ನೋಡಿದೆ, ಏನೂ ಇಲ್ಲ. ನನ್ನ ತಪ್ಪು ಅಲ್ಲೇ ಇತ್ತು. ಡೀಡ್ ಬರೆದ ವರ್ಷ ಬೇರೆ, ನೋಂದಣಿ ಮಾಡಿಸಿದ ವರ್ಷ ಬೇರೆ. ಫ್ರಾಂಕ್ಲಿನ್ ಕೌಂಟಿಯ ಕೇಂದ್ರವಾದ ಗ್ರೀನ್‌ಫೀಲ್ಡ್‌ಗೆ ಐದು ಗಂಟೆ ಹತ್ತಿರ ಗಾಡಿ ಓಡಿಸಿಕೊಂಡು ಹೋಗಿ, ಎರಡು ದಿನ ಕೂತು, 1840ರವರೆಗೂ ನೋಡಿದೆ. ಎರಡನೇ ದಿನ ಮಧ್ಯಾಹ್ನ ಸಿಕ್ಕಿತು. ಬರೆದದ್ದು 1816, ನೋಂದಣಿ 1831.

ಅಜ್ಜನ ಅಪ್ಪ ತೀರಿಕೊಂಡಾಗ ಅವರದಾಗಿದ್ದ ಹೊಲದಲ್ಲಿ ಏಳರಲ್ಲಿ ಒಂದು ಪಾಲನ್ನು ಅಜ್ಜ ತಮ್ಮ ಅಣ್ಣನಿಗೆ ಬಿಟ್ಟುಕೊಟ್ಟಿದ್ದಾರೆ. 'ಆಂಟೇರಿಯೊ ಕೌಂಟಿ, ನ್ಯೂಯಾರ್ಕ್' ಅಂತ ಸ್ಪಷ್ಟವಾಗಿ ಇದೆ. ಅಪ್ಪನ ಹೆಸರೂ ಇದೆ! ಪಕ್ಕದಲ್ಲಿ ಅಜ್ಜಿಯೂ ಡವರ್ ಹಕ್ಕು (ಗಂಡನ ಜಮೀನಿನಲ್ಲಿ ಹೆಂಡತಿಗಿದ್ದ ಹಕ್ಕು) ಬಿಟ್ಟು ಸಹಿ ಹಾಕಿದ್ದಾರೆ. ಥ್ಯಾಂಕ್‌ಫುಲ್, ಮೈಂಡ್‌ವೆಲ್, ಸಬ್ಮಿಟ್ ಅಂತೆಲ್ಲ ಹೆಸರಿಡುತ್ತಿದ್ದ ಕಾಲ ಅದು. ಅಜ್ಜಿಯದೂ ಅಂಥದ್ದೇ ಅಪರೂಪದ ಹೆಸರು. ಸಮಾಧಿ ಕಲ್ಲಿನ ಮೇಲಿರುವುದೂ ಅದೇ. ಅಲ್ಲೇ ಕೂತು ಅತ್ತುಬಿಟ್ಟೆ.

ಏಳು ಪಾಲಿನಲ್ಲಿ ಒಂದು ಸಿಕ್ಕಿತು, ಒಂದು ಅಣ್ಣನದು. ಉಳಿದ ಐದು? ಅತ್ತೆಯರ ಪತ್ರ ನೆನಪಿತ್ತು. ಹೆಣ್ಣುಮಕ್ಕಳ ಪಾಲಿಗೆ ಅಳಿಯಂದಿರೂ ಸಹಿ ಹಾಕಿರುತ್ತಾರೆ, ಹಾಗಾಗಿ ಸೂಚಿಯಲ್ಲಿ ಅದು ಅಳಿಯನ ಮನೆತನದ ಹೆಸರಿನಡಿ ಇರುತ್ತದೆ. ಎಲ್ಲರ ಪಾಲನ್ನೂ ಅಣ್ಣನೇ ತಗೊಂಡಿರಬೇಕು ಅಂತ ಅದೇ ಅಣ್ಣನ ಹೆಸರನ್ನು ಕೊಂಡವರ ಸೂಚಿಯಲ್ಲಿ ನೋಡಿದೆ. ಮೂವರು ಅಕ್ಕತಂಗಿಯರು ಒಂದೇ ಸಂಜೆಯಲ್ಲಿ ಸಿಕ್ಕರು. ಒಬ್ಬರು ವರ್ಮಾಂಟ್‌ಗೆ ಹೋಗಿದ್ದರು. ಕೊನೆಯ ಇಬ್ಬರು ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ವೆಬ್‌ಸೈಟ್‌ನ ಪೂರ್ಣಪಠ್ಯ ಹುಡುಕಾಟದಲ್ಲಿ ಬಂದರು. ಅದು ಹಳೇ ಕೈಬರಹದ ಹೆಸರುಗಳನ್ನು ತಪ್ಪು ಓದುವುದು ಜಾಸ್ತಿ, ಹಾಗಾಗಿ ನಾನು ಹೆಸರು ಹಾಕುವುದೇ ಇಲ್ಲ. ಬೇರೆ ಎರಡು ಪದ ಹಾಕುತ್ತೇನೆ. ಯಾವುವು ಅಂತ ಸದ್ಯಕ್ಕೆ ಹೇಳುವುದಿಲ್ಲ, ಇನ್ನೂ ಮೂರು ಮನೆತನದ ಕೆಲಸ ಕೈಯಲ್ಲಿದೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಾತುಕೋಳಿ ಗರಿಯ ಪೆನ್ನು ತಂದು, ಹಳೇ ಡೀಡ್‌ಗಳನ್ನು ದಿನಕ್ಕೆ ಅರ್ಧ ಪುಟ ಅದೇ ಅಕ್ಷರದಲ್ಲಿ ಬರೆದೆ. ಒಂದು ತಿಂಗಳಲ್ಲಿ ಓದುವ ವೇಗ ಎರಡು ಪಟ್ಟು ಆಯಿತು. ಆ ಕಾಲದ ಉದ್ದನೆಯ 'ಎಸ್' ಅಕ್ಷರವನ್ನು 'ಎಫ್' ಅಂತ ಓದುವುದು ಪೂರ್ತಿ ನಿಂತಿತು. ಸವೆದ ಅಮೃತಶಿಲೆಯ ಸಮಾಧಿ ಕಲ್ಲಿಗೆ ಬಾಗಿಲಿನಷ್ಟು ಎತ್ತರದ ಕನ್ನಡಿಯಿಂದ ಪಕ್ಕದಿಂದ ಬಿಸಿಲು ಬಿಟ್ಟರೆ ಅಕ್ಷರ ಎದ್ದು ಕಾಣುತ್ತವೆ. ದಯವಿಟ್ಟು ಹಿಟ್ಟು, ಶೇವಿಂಗ್ ಕ್ರೀಮ್ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಗಂಡನ ಚಿಕ್ಕಪ್ಪನಿಗೆ ಅಪ್ಪನಿಂದ ಮಗನಿಗೆ ಮಾತ್ರ ಹರಿಯುವ ವೈ ಡಿಎನ್‌ಎಯ 37 ಗುರುತುಗಳನ್ನು (ಮಾರ್ಕರ್) ನೋಡುವ ಪರೀಕ್ಷೆಯನ್ನೂ ಮಾಡಿಸಿದೆ, ಆಗ 120 ಡಾಲರ್ ಆಗಿರಬೇಕು. ಊರಲ್ಲೇ ಉಳಿದ ಆ ಅಣ್ಣನ ಸಂತತಿಯವರೊಬ್ಬರ ಜೊತೆ 36 ಹೊಂದಿತು. ಡೀಡ್ ಇಲ್ಲದೆ ಬರೀ ಇದನ್ನೇ ನಂಬುತ್ತಿರಲಿಲ್ಲ, ಎರಡೂ ಸೇರಿದಾಗ ಧೈರ್ಯ ಬಂತು.

ಒಟ್ಟು ಖರ್ಚು 3,000 ಡಾಲರ್ ಹತ್ತಿರ ಆಗಿದೆ. ಅದರಲ್ಲಿ ದಾಖಲೆ ವೆಬ್‌ಸೈಟ್‌ಗಳ ಚಂದಾ ಹಣವೇ ಸಾವಿರದ ಮೇಲೆ. ನಿಜವಾಗಿ ಕೆಲಸಕ್ಕೆ ಬಂದದ್ದು ಗ್ರೀನ್‌ಫೀಲ್ಡ್ ಪ್ರವಾಸದ 400 ಮತ್ತು ನಕಲು ಪ್ರತಿಗಳಿಗೆ ಕೊಟ್ಟ ಚಿಲ್ಲರೆ.

ಡೀಡ್‌ನ ಪ್ರತಿಯನ್ನು ಸೋದರತ್ತೆಗೆ ಕೊಟ್ಟೆ. ಭೂತಗನ್ನಡಿ ಹಿಡಿದು ಎರಡು ಸಲ ಓದಿದರು. ಏನೂ ಮಾತಾಡಲಿಲ್ಲ. ಎದ್ದು ಹೋಗಿ ತಮ್ಮ ನಲವತ್ತು ವರ್ಷದ ಫೈಲುಗಳ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟರು. ಅಜ್ಜನ ತಾಯಿಯ ತವರು ಯಾವುದು ಅಂತ ಇನ್ನೂ ಸಿಕ್ಕಿಲ್ಲ. 1811ಕ್ಕಿಂತ ಹಿಂದಿನ ಪ್ರೊಬೇಟ್ ನೋಡಲು ಜೂನ್‌ನಲ್ಲಿ ಹ್ಯಾಂಪ್‌ಶೈರ್ ಕೌಂಟಿಯ ಕೇಂದ್ರವಾದ ನಾರ್ಥಾಂಪ್ಟನ್‌ಗೆ ಹೋಗುತ್ತಿದ್ದೇವೆ. ಈ ಸಲ ಅವರೂ ಬರುತ್ತಾರಂತೆ.